ಮೊದಲು ಇಳಿದವರು

ಜನವರಿ 12

ಉದ್ದ ಚಿಕ್ಕಪ್ಪನಿಗೆ,

ಈ ಹೆಸರಿನಿಂದ ನಿಮ್ಮನ್ನು ಕರೆಯುವವಳು ಲೋಕದಲ್ಲಿ ಒಬ್ಬಳೇ. ಆದ್ದರಿಂದ ಬರೆಯುತ್ತಿರುವುದು ಯಾರೆಂದು ಕೊನೆಯ ಸಾಲು ನೋಡುವ ಮೊದಲೇ ನಿಮಗೆ ಗೊತ್ತಾಗಿರುತ್ತದೆ. ನೀವು ನಮ್ಮ ಮನೆ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುತ್ತಿದ್ದಿರಿ. ಅಪ್ಪ ಪ್ರತಿ ಸಲವೂ, "ಹುಷಾರು ಕಣೋ ಲಂಬು, ಬಾಗಿಲು ಸರ್ಕಾರದ್ದಲ್ಲ, ಬಾಡಿಗೆದು" ಅನ್ನುತ್ತಿದ್ದರು. ನಾನಾಗ ಎಲ್ಲದಕ್ಕೂ ಆತುರ ಪಡುತ್ತಿದ್ದೆ. ನೀವು ನನಗೆ ಗಡಿಬಿಡಿ ಎಂದು ಹೆಸರಿಟ್ಟಿರಿ. ಈಗ ಇಪ್ಪತ್ತೇಳು ವರ್ಷ. ಅಪ್ಪ ಹೋಗಿ ಹದಿಮೂರು.

ನಿಮ್ಮ ವಿಳಾಸ ಸಿಕ್ಕಿದ್ದು ನಿವೃತ್ತರಾದ ಗುಮಾಸ್ತರೊಬ್ಬರಿಂದ. ಫೋನ್ ನಂಬರ್ ಸಿಗಲಿಲ್ಲ. ಸಿಕ್ಕಿದ್ದರೂ ಮಾಡುತ್ತಿರಲಿಲ್ಲ. ಫೋನನ್ನು ನೀವು ಅರ್ಧಕ್ಕೇ ಇಡಬಹುದು. ಕಾಗದವಾದರೆ ಮೇಜಿನ ಮೇಲೆ ಕುಳಿತಿರುತ್ತದೆ, ಇವತ್ತಲ್ಲ ನಾಳೆ ಓದಲೇಬೇಕಾಗುತ್ತದೆ.

ಕಳೆದ ವರ್ಷ ನನಗೆ ನೀವೂ ಅಪ್ಪನೂ ಜೊತೆಗೆ ದುಡಿದ ಅದೇ ನೀರು ಸರಬರಾಜು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಪರೀಕ್ಷೆ ಬರೆದು ಸಿಕ್ಕಿದ್ದು. ಹಳೆಯ ಕಡತಗಳ ಕೋಣೆ ನನ್ನದು. ಕಟ್ಟಡ ಸೋರುತ್ತಿದೆ ಎಂದು ಎಲ್ಲ ಕಡತಗಳನ್ನೂ ಹೊಸ ಜಾಗಕ್ಕೆ ಸಾಗಿಸುತ್ತಿದ್ದೇವೆ. ಒಂದೊಂದನ್ನೂ ಬಿಚ್ಚಿ, ಪುಟ ಎಣಿಸಿ, ಮತ್ತೆ ದಾರ ಕಟ್ಟುವುದು ನನ್ನ ಕೆಲಸ. ಹೋದ ವಾರ ಅಪ್ಪನ ಕಡತ ಕೈಗೆ ಬಂತು. ಮನುಷ್ಯನ ಸಾವಿನ ಕಡತ ಮೂರೇ ಪುಟ. ಪಂಪ್ ಒಂದರ ರಿಪೇರಿ ಕಡತ ನಲವತ್ತು ಪುಟ ಇರುತ್ತದೆ, ಗೊತ್ತಾ?

ಮೊದಲ ಪುಟ ಅಧಿಕಾರಿಗಳ ವರದಿ. ಎರಡನೆಯದು ನಿಮ್ಮ ಹೇಳಿಕೆ. "ಸದರಿ ನೌಕರರು ನಾನು ಬೇಡವೆಂದರೂ ಕೇಳದೆ, ನಿಯಮದಂತೆ ಕೆಟ್ಟ ಗಾಳಿ ಹೊರಹೋಗಲು ಅರ್ಧ ಗಂಟೆ ಕಾಯದೆ, ತಾವೇ ಮೊದಲು ವಾಲ್ವ್ ಗುಂಡಿಗೆ ಇಳಿದಿರುತ್ತಾರೆ. ನಾನು ಮೇಲೆಯೇ ಇದ್ದೆನು." ಕೆಳಗೆ ನಿಮ್ಮ ಸಹಿ. ಇಷ್ಟು ನನಗೆ ಮೊದಲೂ ಗೊತ್ತಿತ್ತು. ನೀರುಗಂಟಿ ತನ್ನ ತಪ್ಪಿನಿಂದ ತಾನೇ ಸತ್ತ ಎಂದು ಊರಿಗೆಲ್ಲ ಗೊತ್ತಿತ್ತು.

ಮೂರನೆಯ ಪುಟ ಗೊತ್ತಿರಲಿಲ್ಲ. ಅದು ಆಸ್ಪತ್ರೆಯ ಚೀಟಿ, ನಿಮ್ಮದು. ಕೆಟ್ಟ ಗಾಳಿ ಸೇವಿಸಿ ಪ್ರಜ್ಞೆ ತಪ್ಪಿದ್ದರಿಂದ ಎರಡು ದಿನ ಒಳರೋಗಿಯಾಗಿ ಚಿಕಿತ್ಸೆ.

ಮೇಲೆಯೇ ಇದ್ದವರಿಗೆ ಕೆಳಗಿನ ಗಾಳಿ ಹೇಗೆ ತಾಗಿತು, ಚಿಕ್ಕಪ್ಪ?

ಇಷ್ಟೇ ಕೇಳಬೇಕಿತ್ತು. ಉತ್ತರ ಬರೆಯಿರಿ.

ಇಂತಿ,
ಗಡಿಬಿಡಿ


ಫೆಬ್ರುವರಿ 20

ಉದ್ದ ಚಿಕ್ಕಪ್ಪನಿಗೆ,

ರಿಜಿಸ್ಟರ್ಡ್ ಅಂಚೆಯ ಸ್ವೀಕೃತಿ ಚೀಟಿ ವಾಪಸ್ ಬಂದು ಮೂವತ್ತು ದಿನ ಮೇಲಾಯಿತು. ಅದರ ಮೇಲೆ ನಿಮ್ಮ ಸಹಿ ಇದೆ. ಕಡತದಲ್ಲಿರುವ ಸಹಿಯ ಪಕ್ಕದಲ್ಲಿಟ್ಟು ನೋಡಿದೆ. ಕೈ ಬದಲಾಗಿಲ್ಲ. ಆದ್ದರಿಂದ ಕಾಗದ ತಲುಪಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುವ ಹಾಗೂ ಇಲ್ಲ.

ನಿಮಗೆ ಬರೆಯಲು ಕಷ್ಟವೇನೋ. ಹಾಗಾದರೆ ನಾನೇ ಬರೆಯುತ್ತೇನೆ.

ಅಪ್ಪ ಎಂಥ ಮನುಷ್ಯ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದಿನಕ್ಕೆ ಹತ್ತು ಗಂಟೆ ನಿಮ್ಮ ಜೊತೆಗೇ ಇರುತ್ತಿದ್ದರು. ಮನೆ ಬಿಟ್ಟು ಗೇಟಿನ ತನಕ ಹೋದವರು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸ್ ಬರುತ್ತಿದ್ದರು. ಒಂದು ಸಲವಲ್ಲ, ಎರಡು ಸಲ. ಅಮ್ಮ, "ಇನ್ನೊಂದು ಸಲ ಬಂದ್ರೆ ಇಲ್ಲೇ ಕೂತು ಒಲೆ ಕಾಯ್ಕೊಂಡಿರಿ" ಎಂದು ರೇಗುತ್ತಿದ್ದಳು. ರಸ್ತೆ ದಾಟುವಾಗ ನನ್ನ ಅಂಗೈ ಹಿಡಿಯುತ್ತಿರಲಿಲ್ಲ, ಮಣಿಕಟ್ಟು ಹಿಡಿಯುತ್ತಿದ್ದರು. "ಅಂಗೈ ಬೆವರುತ್ತೆ, ಜಾರುತ್ತೆ" ಅನ್ನುತ್ತಿದ್ದರು. ಭಾನುವಾರ ನನ್ನನ್ನು ಕರೆದುಕೊಂಡು ಹೋಗಿ, ಕಬ್ಬಿಣದ ಕೋಲಿನ ಒಂದು ತುದಿ ವಾಲ್ವಿನ ಮೇಲಿಟ್ಟು ಇನ್ನೊಂದು ತುದಿಗೆ ನನ್ನ ಕಿವಿ ಇಡಿಸುತ್ತಿದ್ದರು. "ಬೀದಿ ಹೊಟ್ಟೆ ಗುಡುಗುಡು ಅಂತಿದೆ, ಕೇಳಿಸ್ತಾ? ಎಲ್ಲೋ ಸೋರ್ತಿದೆ." ಬೀದಿಗಳಿಗೆ ಅವರು ಇಟ್ಟದ್ದೇ ಹೆಸರು, ಅಡಿಯಲ್ಲಿ ಹೋಗುವ ಪೈಪಿನ ಅಳತೆಯ ಮೇಲೆ. ನಮ್ಮ ಶಾಲೆ ಇದ್ದದ್ದು ಆರಿಂಚಿನ ಬೀದಿಯಲ್ಲಿ. ನನ್ನ ಗೆಳತಿಯ ಮನೆ ಮೂರಿಂಚಿನ ಸಂದಿ.

ಇಂಥವರು ಮುಚ್ಚಳ ತೆಗೆದ ಕೂಡಲೇ ಹನ್ನೆರಡು ಅಡಿ ಗುಂಡಿಗೆ ಧುಮುಕಿದರು ಎಂದು ನೀವು ಬರೆದಿದ್ದೀರಿ.

ನಾನು ಅದನ್ನು ನಂಬಿದೆ, ಚಿಕ್ಕಪ್ಪ. ಅದೇ ನನ್ನನ್ನು ತಿನ್ನುತ್ತಿರುವುದು. ಹದಿನೈದು ವರ್ಷದವಳಿದ್ದಾಗ ತರಗತಿಯಲ್ಲಿ ಯಾರೋ, "ನಿಮ್ಮಪ್ಪ ಹೇಗೆ ಸತ್ರು?" ಎಂದು ಕೇಳಿದಳು. ನಾನು, "ದಡ್ಡತನದಿಂದ" ಎಂದೆ. ಅವರು ನಕ್ಕರು. ನಾನೂ ನಕ್ಕೆ. ಆಮೇಲೆ ಶೌಚಾಲಯಕ್ಕೆ ಹೋಗಿ ಗೋಡೆಗೆ ಹಣೆ ಚಚ್ಚಿಕೊಂಡೆ. ಬಾಯಿಂದ ಹೋದ ಮಾತು ವಾಪಸ್ ಬರಲಿಲ್ಲ.

ಅಮ್ಮ ಅಪ್ಪನ ಫೋಟೋವನ್ನು ಬೀರುವಿನಲ್ಲಿ ಚಾದರಗಳ ಕೆಳಗೆ ಇಟ್ಟಿದ್ದಾಳೆ. ಅವರ ಮಾತು ತೆಗೆದರೆ, "ಆ ಮನುಷ್ಯನ ಸುದ್ದಿ ನನ್ನ ಹತ್ರ ಎತ್ಬೇಡ" ಎಂದು ಎದ್ದು ಹೋಗುತ್ತಾಳೆ. ಹದಿಮೂರು ವರ್ಷದಿಂದ ಅಪ್ಪ ನಮ್ಮ ಮನೆಯಲ್ಲಿ ಬರೀ "ಆ ಮನುಷ್ಯ". ನನಗೆ ಅಪ್ಪನ ಬಗ್ಗೆ ಗೊತ್ತಿರುವುದೆಲ್ಲ ಹದಿನಾಲ್ಕು ವರ್ಷಕ್ಕೇ ನಿಂತುಹೋಗಿದೆ. ಅದರಲ್ಲೂ ದಿನಕ್ಕೊಂದಿಷ್ಟು ಅಳಿಸಿಹೋಗುತ್ತಿದೆ. ಹೊಸದು ಹೇಳಲು ಇಬ್ಬರೇ ಉಳಿದಿರುವುದು. ಒಬ್ಬರು ಮಾತಾಡುವುದಿಲ್ಲ, ಇನ್ನೊಬ್ಬರು ಬರೆಯುವುದಿಲ್ಲ.

ಅಮ್ಮನ ಹೃದಯ ಸೋತಿದೆ. ಕಾಲು ಊದಿಕೊಂಡು, ನಾಲ್ಕು ದಿಂಬು ಇಟ್ಟು ಒರಗಿಯೇ ಮಲಗಬೇಕು. ಡಾಕ್ಟರು, "ದಿನ ಎಣಿಸ್ತಾ ಕೂರ್ಬೇಡಿ, ಆದ್ರೆ ವರ್ಷಗಟ್ಟಲೆ ಯೋಚನೇನೂ ಮಾಡ್ಬೇಡಿ" ಅಂದಿದ್ದಾರೆ. ಅವಳು ಹೀಗೇ, ಗಂಡನ ಮೇಲೆ ಮುನಿಸಿಕೊಂಡೇ ಹೋಗಿಬಿಟ್ಟರೆ ನಾನು ಏನು ಮಾಡಲಿ?

ಉತ್ತರ ಬರೆಯಿರಿ. ಬೈದಾದರೂ ಬರೆಯಿರಿ.

ಗಡಿಬಿಡಿ


ಮಾರ್ಚ್ 9

ಮಗೂ,

ಎರಡು ಕಾಗದವೂ ಬಂದವು. ಅತ್ತಿಗೆಯ ವಿಷಯ ಓದಿ ಸಂಕಟವಾಯಿತು. ಚೆನ್ನಾಗಿ ನೋಡಿಕೋ.

ನಿಮ್ಮಪ್ಪ ದೊಡ್ಡ ಮನುಷ್ಯ. ನಾನು ಅಣ್ಣ ಎಂದು ಕರೆದದ್ದು ಬಾಯಿಮಾತಿಗಲ್ಲ. ಆದರೆ ಹಳೆಯದನ್ನು ಕೆದಕಿ ಯಾರಿಗೂ ಸುಖವಿಲ್ಲ. ಆಗಿದ್ದು ಆಗಿಹೋಯಿತು. ನೀನು ಚಿಕ್ಕವಳು, ಮುಂದಿನದನ್ನು ನೋಡು. ಇನ್ನು ಬರೆಯಬೇಡ. ನಾನು ಕೆಲಸಕ್ಕೆ ಹೋದಾಗ ಮನೆಯಲ್ಲಿ ಕಾಗದ ತೆಗೆದುಕೊಳ್ಳುವುದು ನನ್ನ ಮಗಳು. ಯಾರದು, ಏನು ಎಂದು ಕೇಳುತ್ತಾಳೆ.

ನಿನ್ನ ಒಳಿತು ಬಯಸುವ,
ಚಿಕ್ಕಪ್ಪ


ಮಾರ್ಚ್ 15

ಚಿಕ್ಕಪ್ಪ,

ಹನ್ನೊಂದು ಸಾಲು. ಎಣಿಸಿದೆ. ಹದಿಮೂರು ವರ್ಷಕ್ಕೆ ಹನ್ನೊಂದು ಸಾಲು.

ನಿಮ್ಮ ಮಗಳು ಕೇಳುತ್ತಾಳೆ ಎಂದು ನಿಮಗೆ ತೊಂದರೆ. ನನಗೆ ಕೇಳಲು ಅಪ್ಪನೇ ಇಲ್ಲ.

ನಿನ್ನೆ ರಜೆ ಹಾಕಿ ಆ ಜಾಗಕ್ಕೆ ಹೋಗಿದ್ದೆ. ಮೊದಲ ಸಲ. ನಾಲ್ಕು ರಸ್ತೆ ಸೇರುವಲ್ಲಿ, ಸೈಕಲ್ ರಿಪೇರಿ ಅಂಗಡಿಯ ಎದುರು, ಈಗ ಹೊಸ ಮುಚ್ಚಳ ಹಾಕಿದ್ದಾರೆ. ಅದರ ಮೇಲೆ ಜನ ನಡೆದುಕೊಂಡು ಹೋಗುತ್ತಾರೆ. ಒಬ್ಬಾಕೆ ಅದರ ಮೇಲೇ ನಿಂತು ಮಗುವಿನ ಮೂಗು ಒರೆಸುತ್ತಿದ್ದಳು. ಅವಳನ್ನು ಪಕ್ಕಕ್ಕೆ ತಳ್ಳಬೇಕು ಅನ್ನಿಸಿತು. ಸೈಕಲ್ ಅಂಗಡಿಯ ಮುದುಕ ನನ್ನನ್ನೇ ನೋಡುತ್ತಿದ್ದವನು, "ಯಾರಮ್ಮ ನೀನು?" ಎಂದ. ಹೇಳಿದೆ. ಅವನು ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಎದ್ದು ನಿಂತ. "ಹಗ್ಗ ಎಳೆದೋರಲ್ಲಿ ನಾನೂ ಒಬ್ಬ ಕಣಮ್ಮ" ಎಂದ. "ಮೇಲೆ ಬಂದೋನು ಇದ್ದಾನಲ್ಲ, ಅವನನ್ನೇ ಕೇಳು. ಅವನು ಹೇಳ್ಬೇಕಾದ್ದು" ಎಂದ.

ಮೇಲೆ ಬಂದವನು. ಮೇಲೆ ಇದ್ದವನಲ್ಲ.

ನಾನು ಅಲ್ಲೇ ರಸ್ತೆ ಬದಿಯಲ್ಲಿ ಕುಳಿತುಬಿಟ್ಟೆ.

ನಾನು ಪೊಲೀಸರ ಹತ್ತಿರ ಹೋಗುವುದಿಲ್ಲ, ನಿಮ್ಮನ್ನು ಯಾರ ಮುಂದೆಯೂ ನಿಲ್ಲಿಸುವುದಿಲ್ಲ. ಅಪ್ಪನ ಕೊನೆಯ ಹತ್ತು ನಿಮಿಷ ನಿಮ್ಮ ಹತ್ತಿರ ಇದೆ. ಅದು ನಮ್ಮದು. ಕೊಟ್ಟುಬಿಡಿ. ಅಮ್ಮ ನಿನ್ನೆ ನೀರು ಕುಡಿಯಲು ಲೋಟ ಎತ್ತಿ, ಬಾಯಿಯ ತನಕ ತರಲಾಗದೆ ವಾಪಸ್ ಇಟ್ಟಳು. ಸಮಯವಿಲ್ಲ. ನಿಮ್ಮ ಕಾಲು ಹಿಡಿಯಬೇಕಾದರೆ ಹೇಳಿ, ಬಸ್ಸು ಹತ್ತಿ ಬರುತ್ತೇನೆ.

ಗಡಿಬಿಡಿ


ಏಪ್ರಿಲ್ 28

ಮಗೂ,

ಆರು ವಾರದಿಂದ ಬರೆದು ಬರೆದು ಹರಿದಿದ್ದೇನೆ. ಇವತ್ತು ಹರಿಯಬಾರದು ಎಂದು ಪಾರ್ಕಿಂಗ್ ಜಾಗದಲ್ಲೇ ಕುಳಿತು ಬರೆಯುತ್ತಿದ್ದೇನೆ. ನನ್ನ ಕೆಲಸ ಈಗ ಇದೇ, ಬಯಲಿನಲ್ಲಿ ಗಾಡಿಗಳಿಗೆ ಜಾಗ ತೋರಿಸುವುದು. ಸೂರಿನ ಕೆಳಗೆ ಕೆಲಸ ಮಾಡಲು ನನಗೆ ಆಗುವುದಿಲ್ಲ. ಬರೆದ ಕೂಡಲೇ ಎದುರಿನ ಡಬ್ಬಿಗೆ ಹಾಕುತ್ತೇನೆ.

ಆ ದಿನ ಮಂಗಳವಾರ. ನನ್ನ ಮಗಳು ಹುಟ್ಟಿ ಮೂರನೇ ದಿನ. ಮಧ್ಯಾಹ್ನ ಮೂರಕ್ಕೆ ಹೆಂಡತಿಯನ್ನೂ ಮಗುವನ್ನೂ ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಹೋಗಬೇಕಿತ್ತು. ಅಣ್ಣ ಬೆಳಿಗ್ಗೆಯೇ, "ಇದೊಂದು ವಾಲ್ವ್ ನೋಡಿಬಿಡೋಣ, ಆಮೇಲೆ ನೀನು ಹೊರಡು, ಉಳಿದದ್ದು ನಾನು ನೋಡ್ಕೊತೀನಿ" ಅಂದಿದ್ದರು. ಆ ಗುಂಡಿ ವರ್ಷಗಳಿಂದ ತೆರೆದಿರಲಿಲ್ಲ. ಮುಚ್ಚಳ ತುಕ್ಕು ಹಿಡಿದು ಅಂಟಿಕೊಂಡಿತ್ತು. ಅದನ್ನು ಎಬ್ಬಿಸುವಷ್ಟರಲ್ಲಿ ಒಂದು ಗಂಟೆಯಾಯಿತು.

ನಾನು, "ಇಳಿದು ಬರ್ಲಾ ಅಣ್ಣ?" ಎಂದೆ. "ಅರ್ಧ ಗಂಟೆ ಕಾಯೋ. ದೀಪ ಬಿಟ್ಟು ನೋಡೋಣ, ಆರಿದ್ರೆ ಗಾಳಿ ಕೆಟ್ಟಿದೆ ಅಂತ. ಮಗು ಎಲ್ಲೂ ಓಡಿಹೋಗಲ್ಲ" ಅಂದರು. ಲಾರಿಯೊಂದು ಬಂದು ನಾವು ಇಟ್ಟಿದ್ದ ಅಡ್ಡಪಟ್ಟಿಯ ಎದುರು ನಿಂತು ಹಾರ್ನ್ ಹೊಡೆಯತೊಡಗಿತು. ಅಣ್ಣ ಅದನ್ನು ತಿರುಗಿಸಿ ಕಳಿಸಲು ಹೋದರು. ನಾನು ಗಡಿಯಾರ ನೋಡಿಕೊಂಡೆ. ಎರಡು ನಿಮಿಷದ ಕೆಲಸ, ಅಣ್ಣ ವಾಪಸ್ ಬರುವಷ್ಟರಲ್ಲಿ ಮುಗಿಸಿ ನಿಂತಿರುತ್ತೇನೆ ಅಂದುಕೊಂಡೆ. ಇಳಿದೆ.

ಮೊದಲು ಇಳಿದವನು ನಾನು. ಹದಿಮೂರು ವರ್ಷದಲ್ಲಿ ಇದನ್ನು ಮೊದಲ ಸಲ ಬರೆಯುತ್ತಿದ್ದೇನೆ. ಮೊದಲು ಇಳಿದವನು ನಾನು. ಅವರು ಹೇಳಿರಲಿಲ್ಲ, ಬೇಡ ಅಂದಿದ್ದರು.

ನಾಲ್ಕನೆಯ ಮೆಟ್ಟಿಲೋ ಐದನೆಯದೋ, ಅಷ್ಟರಲ್ಲಿ ಕಾಲು ನನ್ನದಲ್ಲ ಅನ್ನಿಸಿತು. ಬಿದ್ದೆ. ಮುಂದಿನದನ್ನು ಸೈಕಲ್ ಅಂಗಡಿಯವನು ನನಗೆ ಆಸ್ಪತ್ರೆಯಲ್ಲಿ ಹೇಳಿದ್ದು. ಅಣ್ಣ ಓಡಿಬಂದು ಬಗ್ಗಿ ನೋಡಿದರಂತೆ, ನನ್ನನ್ನು ಕೂಗಿದರಂತೆ. ಹಗ್ಗದ ಒಂದು ತುದಿಯನ್ನು ಅಂಗಡಿಯವರ ಕೈಗೆ ಕೊಟ್ಟು, "ನಾನು ಎಳೀರಿ ಅಂದಾಗ ಎಳೀಬೇಕು, ಅದಕ್ಕಿಂತ ಮುಂಚೆ ಬೇಡ" ಎಂದು ಎರಡು ಸಲ ಹೇಳಿದರಂತೆ. ಶರ್ಟು ಬಿಚ್ಚಿ ಮೂಗಿಗೆ ಕಟ್ಟಿಕೊಂಡು, ದೊಡ್ಡದಾಗಿ ಉಸಿರು ಎಳೆದುಕೊಂಡು ಇಳಿದರಂತೆ.

ಕೆಳಗಿನದು ನನಗೆ ಸ್ವಲ್ಪ ನೆನಪಿದೆ. ಯಾರೋ ನನ್ನ ಕಂಕುಳಿಗೆ ಹಗ್ಗ ಹಾಕುತ್ತಿದ್ದರು. ಕಿವಿಯ ಹತ್ತಿರ ಅಣ್ಣನ ದನಿ. "ಕತ್ತೆ, ಕೈ ಎತ್ತೋ. ಕೈ ಎತ್ತು." ನನ್ನ ಕೈ ಏಳಲಿಲ್ಲ. ಅವರೇ ಎತ್ತಿದರು. ಆಮೇಲೆ, "ಎಳೀರಿ!" ಎಂದು ಕೂಗಿದರು. ಮಾತಾಡಿದರೆ ಉಸಿರು ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಮೂರು ಮಾತೂ ನನಗಾಗಿ ಖರ್ಚು ಮಾಡಿದರು.

ನನ್ನನ್ನು ಮೇಲೆ ಎಳೆದು, ಹಗ್ಗ ಬಿಚ್ಚಿ ಮತ್ತೆ ಇಳಿಬಿಟ್ಟಾಗ ಅದನ್ನು ಹಿಡಿಯುವ ಕೈ ಕೆಳಗೆ ಇರಲಿಲ್ಲ.

ಎರಡನೆಯ ದಿನ ಅಧಿಕಾರಿಯೊಬ್ಬರು ಟೈಪ್ ಮಾಡಿದ ಕಾಗದ ಹಿಡಿದುಕೊಂಡು ಆಸ್ಪತ್ರೆಗೆ ಬಂದರು. "ನೀನು ನಿಯಮ ಮುರಿದೆ ಅಂತಾದ್ರೆ ಕೆಲಸ ಹೋಗುತ್ತೆ, ಕೇಸೂ ಆಗುತ್ತೆ. ಎಳೆ ಮಗು ಇದೆ ನಿನಗೆ. ಹೋದವರಿಗೆ ಇನ್ನೇನೂ ಆಗಲ್ಲ, ಇರೋರು ಬದುಕ್ಬೇಕಲ್ಲ" ಅಂದರು. ಹೆಂಡತಿ ಮಗುವನ್ನು ಎತ್ತಿಕೊಂಡು ಮಂಚದ ಪಕ್ಕದಲ್ಲಿ ನಿಂತಿದ್ದಳು. ಸಹಿ ಹಾಕಿದೆ. ಪೂರ್ತಿ ಓದಲೂ ಇಲ್ಲ.

ಆಮೇಲೆ ನಿಮ್ಮ ಮನೆಗೆ ಬರಲು ಮೂರು ಸಲ ಹೊರಟೆ. ಒಂದು ಸಲ ನಿಮ್ಮ ಬಾಗಿಲ ತನಕ ಬಂದೆ. ಒಳಗೆ ನೀನು ಜೋರಾಗಿ ಪಾಠ ಓದುತ್ತಿದ್ದೆ. ವಾಪಸ್ ಹೋದೆ. ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟೆ. ಯಾವ ಕೆಲಸ ಉಳಿಸಿಕೊಳ್ಳಲು ಸಹಿ ಹಾಕಿದೆನೋ ಅದನ್ನು ಮಾಡಲು ನನ್ನಿಂದ ಆಗಲಿಲ್ಲ. ಮುಚ್ಚಳ ಕಂಡರೆ ಬೇರೆ ಬೀದಿ ಬಳಸಿ ಹೋಗುತ್ತಿದ್ದೆ.

ಕ್ಷಮಿಸು ಎಂದು ಬರೆಯಲು ನನಗೆ ಮುಖವಿಲ್ಲ. ಅತ್ತಿಗೆಗೆ ಓದಿ ಹೇಳು.

ಲಂಬು


ಮೇ 6

ಓದಿ ಹೇಳಿದೆ.

ಏನೆಂದು ಸಂಬೋಧಿಸಲಿ ಎಂದು ತಿಳಿಯದೆ ಹಾಗೇ ಶುರು ಮಾಡಿದ್ದೇನೆ. ಬೆಳಿಗ್ಗೆ ಹತ್ತು ಗಂಟೆಗೆ, ಅಮ್ಮ ಮಾತ್ರೆ ನುಂಗಿ ಒರಗಿಕೊಂಡಿದ್ದಳು. ನಾನು ಮಂಚದ ತುದಿಯಲ್ಲಿ ಕುಳಿತು ಮೊದಲಿನಿಂದ ಕೊನೆಯ ತನಕ ಓದಿದೆ. ಅಮ್ಮ ಕಣ್ಣು ಮಿಟುಕಿಸಲಿಲ್ಲ.

ಮುಗಿದ ಮೇಲೆ, "ಅವನೇ ಮೊದಲು ಇಳಿದನಂತಾ?" ಎಂದಳು.

"ಹೌದಮ್ಮ."

"ಇವರು ಹೇಳದೇನೇ?"

"ಬೇಡ ಅಂದಿದ್ರಂತೆ."

"ಅದೊಂದು ಸಾಲು ಇನ್ನೊಂದು ಸಲ ಓದು."

ಓದಿದೆ. ಮೂರನೆಯ ಸಲವೂ ಓದಿಸಿದಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದಳು. ಸಂಜೆಯ ತನಕ ಹಾಗೇ ಒರಗಿದ್ದಳು. ಸಿಟ್ಟೋ ಸಂಕಟವೋ ನನಗೆ ತಿಳಿಯಲಿಲ್ಲ. ಅಮ್ಮ ಹಗುರಾಗುತ್ತಾಳೆ, ಅಪ್ಪನ ಹೆಸರು ಹಿಡಿದು ಅಳುತ್ತಾಳೆ, ನಾವಿಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತೇವೆ ಎಂದೆಲ್ಲ ಅಂದುಕೊಂಡಿದ್ದೆ. ನಾನು ಎಷ್ಟು ಹುಚ್ಚಿ!

ನನ್ನ ವಿಷಯ ಹೇಳುತ್ತೇನೆ. ಸತ್ಯ ತಿಳಿದರೆ ಸಾಕು, ನೆಮ್ಮದಿಯಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಮೊದಲು ಅಪ್ಪ ತಪ್ಪಿ ಸತ್ತರು ಅನ್ನುವ ನೋವಿತ್ತು. ಈಗ ಗೊತ್ತಿದ್ದೇ ಇಳಿದರು ಅನ್ನುವ ನೋವು. ನಿಮ್ಮ ಮನೆಯಲ್ಲಿ ಮೂರು ದಿನದ ಮಗು ಇತ್ತು, ಸರಿ. ನಮ್ಮ ಮನೆಯಲ್ಲೂ ಒಂದು ಮಗು ಇತ್ತು. ಅದಕ್ಕೆ ಹದಿನಾಲ್ಕು ವರ್ಷ, ಅಷ್ಟೇ ವ್ಯತ್ಯಾಸ. ಗುಂಡಿಯ ಬಾಯಲ್ಲಿ ನಿಂತು ಶರ್ಟು ಬಿಚ್ಚುವಾಗ ಅಪ್ಪನಿಗೆ ನಾನು ನೆನಪಾದೆನಾ? ಇದನ್ನು ಯಾರನ್ನು ಕೇಳಲಿ? ಇದಕ್ಕೆ ಯಾವ ಕಡತವೂ ಇಲ್ಲ.

ಮರುದಿನ ಬೆಳಿಗ್ಗೆ ಅಮ್ಮ ತಾನಾಗಿಯೇ ಮಾತಾಡಿದಳು. "ಅವನನ್ನ ಬರಹೇಳು. ಆ ಮಗೂನೂ ಕರ್ಕೊಂಡು ಬರ್ಲಿ."

"ಯಾಕಮ್ಮ?"

"ನೋಡ್ಬೇಕು."

ಬನ್ನಿ. ನನಗಾಗಿ ಅಲ್ಲ. ನಿಮ್ಮನ್ನು ಕಂಡರೆ ನಾನು ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ. ಇನ್ನೊಂದು ವಿಷಯ. ನೀವು ನನಗೆ ಬರೆದದ್ದನ್ನೇ ಕಚೇರಿಗೂ ಬರೆದು, ಸಹಿ ಹಾಕಿ ತನ್ನಿ.

ಗಡಿಬಿಡಿ


ಮೇ 25

ಮಗೂ,

ಬರುವುದಿಲ್ಲ ಎಂದು ಬರೆಯಲು ಕುಳಿತಿದ್ದೆ. ಅತ್ತಿಗೆಯ ಎದುರು ನಿಲ್ಲುವುದಕ್ಕಿಂತ ಆ ಗುಂಡಿಗೇ ಮತ್ತೆ ಇಳಿಯುವುದು ಸುಲಭ ಅನ್ನಿಸಿತ್ತು.

ನಿನ್ನ ಕಾಗದವನ್ನು ಮಗಳು ಓದಿಬಿಟ್ಟಳು. ನಾನು ಕೆಲಸದಿಂದ ಬಂದಾಗ ಅದನ್ನು ಎದುರಿಗೆ ಇಟ್ಟುಕೊಂಡು ಕುಳಿತಿದ್ದಳು. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಪೂರ್ತಿ ಹೇಳಿದೆ. ಎರಡು ದಿನ ಸರಿಯಾಗಿ ಊಟವನ್ನೂ ಮಾಡಲಿಲ್ಲ. ಮೂರನೆಯ ದಿನ ಅಂಗಡಿಗೆ ಹೊರಟವಳು ಬಾಗಿಲಲ್ಲಿ ನಿಂತು, "ಅಪ್ಪಾ, ನಾನು ಹುಟ್ಟದೇ ಇದ್ದಿದ್ರೆ ಅವರು ಇರ್ತಿದ್ರಲ್ವಾ?" ಎಂದಳು.

ಇಲ್ಲ ಎಂದೆ. ಎಷ್ಟು ಜೋರಾಗಿ ಹೇಳಿದೆ ಎಂದರೆ ಪಕ್ಕದ ಮನೆಯವರು ಹೊರಗೆ ಬಂದರು. ಅವಳು ನಂಬಲಿಲ್ಲ. ನಾನು ಹಾಕಿದ ಸುಳ್ಳು ಸಹಿ ನನ್ನ ಮಗಳ ತಲೆಯ ಮೇಲೆ ಬಂದು ಕುಳಿತಿದೆ.

ಮುಂದಿನ ಶನಿವಾರ ಬರುತ್ತೇವೆ. ಹೇಳಿಕೆ ಬರೆದು ಇಟ್ಟುಕೊಂಡಿದ್ದೇನೆ. ಈ ಸಲ ಪ್ರತಿ ಅಕ್ಷರವನ್ನೂ ಓದಿ ಸಹಿ ಹಾಕಿದ್ದೇನೆ.

ಚಿಕ್ಕಪ್ಪ ಎಂದು ಹಾಕಲು ಕೈ ಬರುತ್ತಿಲ್ಲ,
ಲಂಬು


ಜುಲೈ 2

ಚಿಕ್ಕಪ್ಪ,

ಅಮ್ಮ ಹೋದಳು. ನೀವು ಬಂದುಹೋದ ಹನ್ನೊಂದನೆಯ ದಿನ, ಮಧ್ಯಾಹ್ನ. ನಾನು ಪಕ್ಕದಲ್ಲೇ ಇದ್ದೆ. ಕಷ್ಟವಾಗಲಿಲ್ಲ. ನಿಮಗೆ ಕೂಡಲೇ ತಿಳಿಸದೇ ಇದ್ದದ್ದು ಬೇಕೆಂದೇ. ಆ ದಿನಗಳಲ್ಲಿ ನಿಮ್ಮನ್ನು ನೋಡುವ ಶಕ್ತಿ ನನಗಿರಲಿಲ್ಲ.

ಆ ಶನಿವಾರ ನೀವು ಮೆಟ್ಟಿಲ ಮೇಲೆ ಕುಳಿತಿದ್ದಿರಿ. ಅಮ್ಮ ಮಂಚದಿಂದಲೇ ನಿಮ್ಮನ್ನು ಬಾಗಿಲಲ್ಲಿ ತಡೆದು, "ನೀನು ಹೊರಗಿರು. ನಿನ್ನ ಮುಖ ಆಮೇಲೆ ನೋಡ್ತೀನಿ" ಅಂದದ್ದು ನಿಮಗೆ ಚುಚ್ಚಿರಬೇಕು. ಚುಚ್ಚಲಿ ಎಂದು ನಾನೂ ಅಂದುಕೊಂಡೆ. ಒಳಗೆ ಏನಾಯಿತು ಎಂದು ನೀವು ಕೇಳಲಿಲ್ಲ. ನಾನೇ ಹೇಳುತ್ತೇನೆ.

ಅಮ್ಮ ನಿಮ್ಮ ಮಗಳನ್ನು ಮಂಚದ ಮೇಲೆ ಕೂರಿಸಿಕೊಂಡಳು. ಯಾವ ತರಗತಿ, ಯಾವ ಪಾಠ ಇಷ್ಟ, ಇಷ್ಟುದ್ದ ಯಾಕೆ ಬೆಳೆದೆ ಎಂದೆಲ್ಲ ಕೇಳಿದಳು. ಆಮೇಲೆ ಇದ್ದಕ್ಕಿದ್ದ ಹಾಗೆ, "ನಮ್ಮನೆಯವರು ಹೇಗಿದ್ರು ಗೊತ್ತಾ?" ಎಂದಳು. ಅಡುಗೆಮನೆಯಲ್ಲಿ ಟೀಗೆ ನೀರಿಟ್ಟಿದ್ದ ನಾನು ಹಾಗೇ ನಿಂತುಬಿಟ್ಟೆ. ನೀರು ಕುದಿದು ಕುದಿದು ಪಾತ್ರೆ ಖಾಲಿಯಾಯಿತು, ಚಿಕ್ಕಪ್ಪ. ನಾನು ಕದಲಲಿಲ್ಲ.

ಅಪ್ಪ ಮೊದಲ ಸಲ ಅಮ್ಮನನ್ನು ಕಂಡದ್ದು ಒಡೆದ ನಲ್ಲಿ ರಿಪೇರಿ ಮಾಡಲು ಬಂದಾಗ. ನಲ್ಲಿ ಸರಿಯಾದ ಮೇಲೂ ಮೂರು ದಿನ ಅದನ್ನು "ಪರೀಕ್ಷೆ" ಮಾಡಲು ಬಂದರಂತೆ. ಅವರಿಗೆ ಈಜು ಬರುತ್ತಿರಲಿಲ್ಲ. ಊರಿಗೆಲ್ಲ ನೀರು ಬಿಡುವವರಿಗೆ ನೀರು ಕಂಡರೆ ಹೆದರಿಕೆ! ನಾನು ಹುಟ್ಟಿದ ದಿನ ಸಂಭ್ರಮದಲ್ಲಿ ಒಂದು ಇಡೀ ಬಡಾವಣೆಗೆ ನೀರು ಬಿಡುವುದನ್ನೇ ಮರೆತು, ಜನ ಮನೆಯ ಮುಂದೆ ಕೊಡ ಹಿಡಿದುಕೊಂಡು ಬಂದು ನಿಂತಿದ್ದರಂತೆ. ಹದಿಮೂರು ವರ್ಷ ನಾನು ಬೇಡಿದ್ದನ್ನು ಅಮ್ಮ ನಿಮ್ಮ ಮಗಳಿಗೆ ಹೇಳುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು. ಅದೇ ಹೊತ್ತಿಗೆ, ನಿಲ್ಲಿಸದಿರಲಿ ಎಂದು ಉಸಿರು ಬಿಗಿಹಿಡಿದು ನಿಂತಿದ್ದೆ.

ನಡುವೆ ಅಮ್ಮ ನನ್ನನ್ನು ಕೂಗಿ, "ಮಾತ್ರೆ ಮುಗಿದಿದೆ, ಅಂಗಡಿಗೆ ಹೋಗಿ ಬಾ" ಎಂದಳು. ಹೋದೆ. ಅಲ್ಲಿ ಜನ ಇದ್ದರು, ಇಪ್ಪತ್ತು ನಿಮಿಷ ಹಿಡಿಯಿತು. ಬಂದು ನೋಡಿದರೆ ಮಾತ್ರೆಯ ಡಬ್ಬಿಯಲ್ಲಿ ಇನ್ನೂ ಒಂದು ವಾರಕ್ಕಾಗುವಷ್ಟಿತ್ತು. ನಿಮ್ಮ ಮಗಳು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಮ್ಮನ ಮುಖವೂ ಒದ್ದೆಯಾಗಿತ್ತು. ಆಮೇಲೆ ನಿಮ್ಮನ್ನು ಒಳಗೆ ಕರೆದು, ಬಹಳ ಹೊತ್ತು ನೋಡಿ, "ಸೊರಗಿದ್ದೀಯ. ಊಟ ಮಾಡ್ಕೊಂಡು ಹೋಗು" ಅಂದದ್ದು ನಿಮಗೆ ಗೊತ್ತೇ ಇದೆ.

ಆ ಸಂಜೆ ಅಪ್ಪನ ಫೋಟೋ ತೆಗೆಸಿ, ಮಲಗಿದಲ್ಲಿಂದ ಕಾಣುವ ಹಾಗೆ ಇಡಿಸಿಕೊಂಡಳು. ಅಂದು ನಿಮ್ಮ ಮಗಳಿಗೆ ಏನು ಹೇಳಿದೆ ಎಂದು ಎಷ್ಟು ಕೇಳಿದರೂ, "ಅದು ನಮ್ಮಿಬ್ಬರದು" ಎಂದಳು.

ಕಚೇರಿಯಲ್ಲಿ ನಿಮ್ಮ ಹೊಸ ಹೇಳಿಕೆಯನ್ನು ಮೇಲಿನವರಿಗೆ ಕೊಟ್ಟೆ. "ಮುಗಿದ ಕಡತ ತೆರೆಯೋಕೆ ಬರಲ್ಲಮ್ಮ" ಎಂದು ವಾಪಸ್ ಕೊಟ್ಟರು. ನನ್ನ ಕೋಣೆಗೆ ಬಂದು, ದಾರ ಬಿಚ್ಚಿ, ಅದನ್ನು ನಾಲ್ಕನೆಯ ಪುಟವಾಗಿ ಸೇರಿಸಿ, ಅಂಕಿ ಹಾಕಿ, ಗಂಟು ಬಿಗಿದೆ. ಮುಂದೆ ಯಾರಾದರೂ ತೆಗೆದರೆ ನಾಲ್ಕೂ ಪುಟ ಓದಲಿ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲಾರೆ. ಸುಳ್ಳಾಗುತ್ತದೆ. ಆದರೆ ನಿಮ್ಮ ಮಗಳ ಹತ್ತಿರ ನನ್ನ ಇಪ್ಪತ್ತು ನಿಮಿಷ ಇದೆ. ಅಮ್ಮನೂ ಇಲ್ಲ, ಅಪ್ಪನೂ ಇಲ್ಲ, ಈ ಮನೆಯಲ್ಲಿ ಈಗ ನನಗೆ ನನ್ನ ಹೆಜ್ಜೆ ಸದ್ದು ಮಾತ್ರ ಕೇಳಿಸುತ್ತದೆ. ಅವಳಿಗೆ ಬರೆಯಲು ಹೇಳಿ. ಸಣ್ಣದು ಎಂದು ಏನನ್ನೂ ಬಿಡಬಾರದು ಎನ್ನಿ.

ಗಡಿಬಿಡಿ


ಜುಲೈ 14

ಅಕ್ಕಾ,

ನಿಮ್ಮಮ್ಮ ನನಗೆ, "ನೀನಾಗಿ ಹೇಳ್ಬೇಡ. ಅವಳು ಕೇಳಿದ್ರೆ ಮಾತ್ರ ಹೇಳು. ನಂಗೆ ಅವಳ ಮುಖ ನೋಡ್ಕೊಂಡು ಹೇಳೋಕಾಗಲ್ಲ" ಅಂದಿದ್ದರು. ನೀವು ಕೇಳಿದ್ದೀರಿ, ಆದ್ದರಿಂದ ಬರೆಯುತ್ತಿದ್ದೇನೆ. ನೆನಪಿದ್ದ ಹಾಗೇ ಬರೆಯುತ್ತೇನೆ, ತಪ್ಪಿದ್ದರೆ ಬೈಯಬೇಡಿ.

ಆ ಗುಂಡಿಯ ಘಟನೆಯ ಹಿಂದಿನ ದಿನ ಸಾಯಂಕಾಲ ನಿಮ್ಮಪ್ಪ ಮನೆಗೆ ಬಂದು, ಲಂಬುಗೆ ಹೆಣ್ಣು ಮಗು ಹುಟ್ಟಿದೆ, ನೋಡಿಕೊಂಡು ಬಂದೆ ಎಂದು ತುಂಬ ಖುಷಿಯಿಂದ ಹೇಳಿದರಂತೆ. ಆಗ ನಿಮ್ಮಮ್ಮ, "ಹಾಗಾದ್ರೆ ಇನ್ಮೇಲೆ ಅವನನ್ನ ಮೊದಲು ಇಳಿಸ್ಬೇಡಿ. ಎಳೆ ಮಗು ಇದೆ. ಸ್ವಲ್ಪ ದಿನ ನೀವೇ ಇಳೀರಿ" ಅಂದರಂತೆ. ನಿಮ್ಮಪ್ಪ, "ಆಯ್ತು ಮಹಾರಾಯ್ತಿ, ನಾನೇ ಇಳೀತೀನಿ" ಅಂದರಂತೆ.

ಮರುದಿನವೇ ಹಾಗಾಯಿತು. ಕಚೇರಿಯವರು ಬಂದು, "ನಿಮ್ಮ ಗಂಡನೇ ಮೊದಲು ಇಳಿದದ್ದು" ಎಂದು ಹೇಳಿದರು. ನಿಮ್ಮಮ್ಮ ಅಂದುಕೊಂಡರಂತೆ, ನಾನೇ ಕಳಿಸಿದೆ, ನನ್ನ ಮಾತಿಗೇ ಹೋದರು ಎಂದು. ಯಾರಿಗೂ ಹೇಳಲಿಲ್ಲವಂತೆ. "ಅವರನ್ನ ಬೈಕೊಂಡಿದ್ದಷ್ಟು ಹೊತ್ತು ನನ್ನನ್ನ ನಾನು ಬೈಕೊಳ್ಳೋದು ತಪ್ತಿತ್ತು ಕಣೇ" ಎಂದರು.

ಆಮೇಲೆ ನನ್ನಪ್ಪನ ಕಾಗದ ಬಂತಲ್ಲ. "ನಾನು ಕಳಿಸಿದ್ದಲ್ಲ, ಅವರು ನನ್ನ ಮಾತಿಗೆ ಇಳಿದದ್ದಲ್ಲ. ಕಣ್ಣೆದುರು ಒಬ್ಬ ಬಿದ್ದಿದ್ದ, ಹೋದ್ರು. ಯಾರು ಬಿದ್ದಿದ್ರೂ ಹೋಗ್ತಿದ್ರು" ಎಂದರು.

ನಾನು ಅವರನ್ನು ಕೇಳಿದೆ, "ಹಾಗಾದ್ರೆ ನನ್ನಿಂದ್ಲೂ ಅಲ್ವಾ ದೊಡ್ಡಮ್ಮ?" ಎಂದು. ಅವರು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು, "ಅಲ್ಲ ಮಗಳೇ, ಅಲ್ಲ" ಎಂದರು. ಆಗಲೇ ಅಳತೊಡಗಿದ್ದು. ತುಂಬ ಅತ್ತರು. ನನಗೆ ಹೆದರಿಕೆಯಾಗಿ, "ಇನ್ನೂ ಯಾಕೆ ಅಳ್ತೀರಿ, ನಿಮ್ಮ ತಪ್ಪಿಲ್ಲ ಅಂತ ಗೊತ್ತಾಯ್ತಲ್ಲ" ಎಂದೆ.

"ಇಷ್ಟು ವರ್ಷ ಅವರಿಗೋಸ್ಕರ ಅಳೋ ಹಕ್ಕೇ ನಂಗಿಲ್ಲ ಅಂದ್ಕೊಂಡಿದ್ದೆ. ಈಗ ಅಳಬಹುದಲ್ಲ, ಅದಕ್ಕೆ" ಎಂದರು.

ತಂಗಿ ಎಂದು ಸಹಿ ಹಾಕಬಹುದಾ ಎಂದು ಕೇಳುವ,
ಲಂಬುವಿನ ಮಗಳು